ಪೂಜೆಗಿಟ್ಟ ಊರು

ದುಬೈಯಲ್ಲಿರುವ ನನ್ನ ಮೈದುನ ನಮ್ಮ ಮಗಳ ಹುಟ್ಟುಹಬ್ಬಕ್ಕೆಂದು ತಂದುಕೊಟ್ಟ ಪುಸ್ತಕವನ್ನು ನಮ್ಮ ಯಜಮಾನರು ಕೈಯಲ್ಲಿ ಹಿಡಿದು ತೂಗಿ ನೋಡಿದರು. ದಪ್ಪ ರಟ್ಟು, ನುಣುಪು ಕಾಗದ, ಮುಖಪುಟದಲ್ಲಿ ಮಂಜು ಕವಿದ ಕೋಟೆ, ಅದರ ಮೇಲೆ ರೆಕ್ಕೆ ಬಿಚ್ಚಿ ಕೂತ ಯಾವುದೋ ಪ್ರಾಣಿ. ಮಗಳು ಹತ್ತನೇ ಕ್ಲಾಸು. "ಇದರಿಂದ ಏನಾದ್ರೂ ಉಪಯೋಗ ಇದ್ಯಾ, ನೀನೇ ಓದಿ ಹೇಳು. ಇಲ್ಲಾಂದ್ರೆ ಪರೀಕ್ಷೆ ಮುಗಿಯೋ ತನಕ ಬೀರು ಒಳಗೆ ಇರ್ಲಿ" ಎಂದು ನನ್ನ ಕೈಗಿತ್ತು ಆಫೀಸಿಗೆ ಹೊರಟರು. ಮಗಳಿಗೆ ಬೇಡ ಅನ್ನಬೇಕಾದ ಕೆಲಸಗಳನ್ನೆಲ್ಲ ಅವರು ನನಗೆ ಬಿಡುತ್ತಾರೆ. ಹೂಂ ಅನ್ನಬೇಕಾದವು ಅವರ ಪಾಲಿಗೆ.

ಅದು ಎಲ್ಲೂ ಇಲ್ಲದ ಊರೊಂದರ ಬಗ್ಗೆ ಬರೆದ ಪುಸ್ತಕ. ಮಕ್ಕಳು ಮೇಜಿನ ಸುತ್ತ ಕೂತು ಬಾಯಲ್ಲೇ ಕಥೆ ಕಟ್ಟುವ ಆಟವೊಂದಿದೆ. ಒಬ್ಬರು ಕಥೆ ನಡೆಸುವವರು. ನಮ್ಮ ಮನೆಯಲ್ಲಿ ಅದು ಮಗಳು. ಉಳಿದವರು ಕಥೆಯೊಳಗಿನ ಒಬ್ಬೊಬ್ಬ ಮನುಷ್ಯ. ತಾನು ಏನು ಮಾಡುತ್ತೇನೆಂದು ಅವರವರು ಹೇಳಬೇಕು, ಅದು ಆದೀತೋ ಇಲ್ಲವೋ ದಾಳ ಹೇಳುತ್ತದೆ. ನಾವಿರುವ ಈ ಕೊಲ್ಲಿ ದೇಶದಲ್ಲಿ ವಾರದ ರಜೆ ಶುಕ್ರವಾರ. ಕಥೆ ಒಂದೇ ಶುಕ್ರವಾರಕ್ಕೆ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ. ಅಂಥ ಕಥೆ ನಡೆಯಲಿಕ್ಕೆ ಬೇಕಾದ ಊರನ್ನು ಬೀದಿ ಬೀದಿಯಾಗಿ ಬರೆದುಕೊಟ್ಟ ಪುಸ್ತಕ ಇದು.

ಮಧ್ಯಾಹ್ನ ಪಾತ್ರೆ ತೊಳೆದು, ಸಹಸ್ರನಾಮ ಮುಗಿಸಿ, ಎ.ಸಿ. ಹಾಕಿಕೊಂಡು ನಾನು ಆ ಊರಿನೊಳಗೆ ಹೋಗುತ್ತಿದ್ದೆ. ಇಂಗ್ಲಿಷು ನಿಧಾನವಾದರೂ ಅರ್ಥವಾಗುತ್ತದೆ. ಮೊದಲ ಅಧ್ಯಾಯ ಪೂರ್ತಿ ರಾಜರ ವಂಶಾವಳಿ. ಯಾರು ಯಾರನ್ನು ಕೊಂದ, ಯಾರ ಮಗ ಯಾರನ್ನು ಓಡಿಸಿದ. ಅಡುಗೆ ಪುಸ್ತಕ ತೆರೆದರೆ ಮೊದಲು ಒಲೆ ಕಂಡುಹಿಡಿದವರ ಚರಿತ್ರೆ ಹೇಳಿದ ಹಾಗೆ. ದೇವರುಗಳ ಅಧ್ಯಾಯ ಬಂದಾಗ ಕೈಮುಗಿಯಬೇಕೋ ಬಾರದೋ ತಿಳಿಯಲಿಲ್ಲ. ಮುಗಿದೆ. ಕಟ್ಟುಕಥೆಯ ದೇವರಾದರೇನು, ಕೈಮುಗಿದರೆ ನಷ್ಟವಿಲ್ಲ.

ಹೀಗೆ ಓದುತ್ತಾ ಹೋದಂತೆ ನನಗೊಂದು ಸಂಶಯ ಬಂತು. ಇಷ್ಟು ದೊಡ್ಡ ಊರು, ಕೋಟೆ, ಸಂತೆ, ಛತ್ರ, ಸೆರೆಮನೆ ಎಲ್ಲ ಇದೆ. ನೀರು ಎಲ್ಲಿಂದ? ಹುಡುಕಿದರೆ ಒಂದೇ ಸಾಲು: ಊರಿನಲ್ಲಿ ಬಾವಿಗಳಿವೆ. ಮಗಳು ಸ್ಕೂಲಿನಿಂದ ಬಂದಾಗ ಕೇಳಿದೆ. ಅವಳು ಬ್ಯಾಗು ಇಳಿಸುವುದನ್ನೂ ಮರೆತು ನನ್ನ ಮುಖ ನೋಡಿದಳು. ನಾನು ನಿಜವಾಗಿ ಓದುತ್ತಿದ್ದೇನೆಂದು ಅವಳಿಗೆ ಆಗ ನಂಬಿಕೆ ಬಂತೆಂದು ಕಾಣುತ್ತದೆ. ಅವತ್ತಿನಿಂದ ನನ್ನ ಪಕ್ಕ ಕೂತು ಪುಸ್ತಕದ ಗುಣದೋಷ ವಿವರಿಸತೊಡಗಿದಳು. ನಕ್ಷೆ ಕೊನೆಯಲ್ಲಿದೆ, ನಕ್ಷೆಯ ಮೇಲಿನ ಅಂಕಿಗಳಿಗೆ ವಿವರಣೆ ನಡುವೆಲ್ಲೋ ಇದೆ, ಆಟದ ಮಧ್ಯೆ ಹಾಳೆ ತಿರುವಿ ತಿರುವಿ ಸಾಕಾಗುತ್ತದೆ. ರಾಜರ ಕಥೆ ಯಾರಿಗೂ ಬೇಡ. ಬೇಕಾದದ್ದು ರೊಟ್ಟಿ ಸುಡುವವರ ಬೀದಿಯಂಥ ಪುಟಗಳು. ಅಲ್ಲಿ ಪ್ರತಿಯೊಬ್ಬರಿಗೂ ಎರಡೇ ಸಾಲು: ಇವನಿಗೆ ಏನು ಬೇಕು, ಯಾರನ್ನು ಕಂಡರೆ ಹೆದರಿಕೆ.

"ಒಬ್ಬ ಮನುಷ್ಯನಿಗೆ ಏನು ಬೇಕು ಅಂತ ಗೊತ್ತಾದ್ರೆ ಸಾಕು ಅಮ್ಮ" ಎಂದಳು. "ಅವನ ಮೂಗು ಹೇಗಿದೆ ಅಂತೆಲ್ಲ ನಾನೇ ಮಾಡ್ಕೋತೀನಿ."

ಸಂಜೆ ಯಜಮಾನರಿಗೆ ನನ್ನ ತೀರ್ಪು ತಿಳಿಸಿದೆ. ಅರ್ಧ ಪುಸ್ತಕ ದಂಡ, ಅರ್ಧ ಒಳ್ಳೆಯದು, ಶುಕ್ರವಾರಗಳಂದು ಆಡಲಿ. ಅವರು ಹೂಂ ಅಂದರು. ಪರೀಕ್ಷೆಯ ವರ್ಷದಲ್ಲಿ ಅಷ್ಟು ಸಿಕ್ಕಿದ್ದೇ ದೇವರು ಕೊಟ್ಟದ್ದೆಂದು ಮಗಳಿಗೆ ಹೇಳಿದೆ. ಅವಳು ದೇವರಿಗೂ ನನಗೂ ಒಟ್ಟಿಗೆ ಥ್ಯಾಂಕ್ಸ್ ಹೇಳಿದಳು.

ಆಡಲು ಬರುತ್ತಿದ್ದವರು ಮೂರು ಮಕ್ಕಳು. ಎದುರು ಕಟ್ಟಡದ ಮಲಯಾಳಿ ಅವಳಿ ಹುಡುಗರು ಇಬ್ಬರು, ನಮ್ಮ ಕೆಳಗಿನ ಮಹಡಿಯ ಹುಡುಗಿ ಒಬ್ಬಳು. ಈ ಹುಡುಗಿ ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಯವಳು. ನನ್ನ ಮಗಳೂ ಅವಳೂ ಕೆ.ಜಿ.ಯಿಂದ ಒಂದೇ ಬಸ್ಸು, ಒಂದೇ ಬೆಂಚು. ದಸರೆಗೆ ನಮ್ಮ ಮನೆಯ ಗೊಂಬೆ ಜೋಡಿಸಲು ಬರುವವಳು ಅವಳೇ. ಕ್ರಿಸ್ಮಸ್ಸಿಗೆ ಅವರಲ್ಲಿ ಹಬ್ಬದ ತಿಂಡಿ ಕುಸ್ವಾರ್ ಕರಿಯುವಾಗ ನನ್ನ ಮಗಳು ಹಿಟ್ಟು ಮೆತ್ತಿಕೊಂಡು ಬರುವಳು. ನನಗೆ ಒಂದೇ ಮಗು. ಎರಡನೆಯದನ್ನು ದೇವರು ಕೊಡಲಿಲ್ಲ, ಆದರೆ ಮೆಟ್ಟಿಲಿಳಿದರೆ ಸಿಗುವ ಹಾಗೆ ಇಟ್ಟ ಎಂದು ನಾನು ಅಂದುಕೊಳ್ಳುತ್ತಿದ್ದೆ.

ನೀರಿನ ಬಗ್ಗೆ ನಾನು ಕೇಳಿದ ಪ್ರಶ್ನೆಯನ್ನೇ ಮಗಳು ಕಥೆ ಮಾಡಿಕೊಂಡಳು. ಪುಸ್ತಕದ ಊರಿಗೆ ಇಲ್ಲಿನ ಹಳೇ ಊರು ನಿಜ್ವಾದಲ್ಲಿ ನೋಡಿದಂಥ ಫಲಜ್ ಕಾಲುವೆ ಹಾಕಿದಳು. ಖರ್ಜೂರದ ತೋಟಗಳ ನಡುವೆ ಹರಿಯುವ ಆ ಸಣ್ಣ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತು ಎರಡೂ ಮನೆಯವರು ಪುಳಿಯೋಗರೆ ತಿಂದಿದ್ದೆವು. ಈಗ ಕಥೆಯಲ್ಲಿ ಯಾರೋ ಆ ಕಾಲುವೆಗಳನ್ನು ಒಂದೊಂದಾಗಿ ಮುಚ್ಚುತ್ತಿದ್ದರು, ಬಾವಿಗಳು ಬತ್ತುತ್ತಿದ್ದವು. ಮುಚ್ಚುವವರು ಯಾರೆಂದು ಮೂವರೂ ಕಂಡುಹಿಡಿಯಬೇಕು. ಕೆಳಗಿನ ಮನೆಯ ಹುಡುಗಿಯ ಪಾತ್ರ ಬೀಗ ತೆಗೆಯುವುದರಲ್ಲಿ ಪಳಗಿದ ಕಳ್ಳಿ. ಭಾನುವಾರ ಚರ್ಚಿನಲ್ಲಿ ಹಾಡುವ ಹುಡುಗಿ ಶುಕ್ರವಾರ ನಮ್ಮ ಮನೆಯಲ್ಲಿ ಖಜಾನೆ ಒಡೆಯುತ್ತಿದ್ದಳು.

ಶಾಲೆಯ ರಜೆ ಮುಗಿದು ಸ್ವಲ್ಪ ದಿನಕ್ಕೆ ಅವಳ ತಂದೆಯ ಕೆಲಸ ಹೋಯಿತು. ಆ ಜಾಗಕ್ಕೆ ಇನ್ನು ಇಲ್ಲಿನವರೇ ಎಂದು ಕಂಪನಿ ತೀರ್ಮಾನಿಸಿತ್ತು. ಅದರಲ್ಲಿ ತಪ್ಪು ಹುಡುಕುವುದು ಸರಿಯಲ್ಲ. ಅವರ ದೇಶ, ಅವರ ಮಕ್ಕಳಿಗೂ ಕೆಲಸ ಬೇಕು. ತಮ್ಮ ಮಗಳ ಪರೀಕ್ಷೆಯವರೆಗಾದರೂ ಇಲ್ಲೇ ಇರಬೇಕೆಂದು ಅವರು ಬೇರೆ ಕೆಲಸಕ್ಕೆ ರೂವಿ ಪೇಟೆಯೆಲ್ಲ ತಿರುಗಿದರು. ಸಿಗಲಿಲ್ಲ. ವೀಸಾ ರದ್ದಾಗುವ ದಿನ ಮುಂದೆ ಹೋಗಲಿಲ್ಲ. ಪುಣ್ಯಕ್ಕೆ ಉಡುಪಿಯ ಶಾಲೆಯೊಂದು ವರ್ಷದ ನಡುವೆಯೇ ಸೇರಿಸಿಕೊಳ್ಳಲು ಒಪ್ಪಿತು.

ಆ ಹುಡುಗಿಯ ತಾಯಿ ಬಾಲ್ಕನಿಯಲ್ಲಿ ಬೆಳೆಸಿದ್ದ ಕರಿಬೇವಿನ ಗಿಡವನ್ನು ಕುಂಡದ ಸಮೇತ ತಂದು ನನ್ನ ಅಡುಗೆಮನೆಯಲ್ಲಿ ಇಳಿಸಿದರು. ಸೆರಗಿನಲ್ಲಿ ಕೈ ಒರೆಸಿಕೊಂಡು ನಿಂತೇ ಇದ್ದರು, ಕೂರಲಿಲ್ಲ.

"ಎಲ್ಲರೂ ಹೇಳುದು, ಊರಿಗೆ ಹೋಗ್ತೀರಲ್ಲ, ಒಳ್ಳೇದಾಯ್ತು ಅಂತ. ನಮಗೆ ಊರು, ಸರಿ. ಅವಳು ಹುಟ್ಟಿದ್ದು ಇಲ್ಲಿ ಮಾರಾಯ್ರೆ. ಊರು ಅಂದ್ರೆ ಅವಳಿಗೆ ರಜೆಯಲ್ಲಿ ಹೋಗುವ ಜಾಗ. ರಜೆ ಮುಗಿದ್ರೂ ವಾಪಸ್ ಬರ್ಲಿಕ್ಕಿಲ್ಲ ಅಂತ ನಾನು ಹ್ಯಾಗೆ ಹೇಳುದು?"

ಕಾಫಿ ಕೊಟ್ಟೆ. ನಿಂತೇ ಕುಡಿದರು.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮಲ್ಲಿ ಸರಸ್ವತಿಯನ್ನು ಕೂರಿಸಿ ಪುಸ್ತಕಗಳನ್ನು ಪೂಜೆಗಿಟ್ಟರೆ ವಿಜಯದಶಮಿಯ ಬೆಳಿಗ್ಗೆ ಪೂಜೆ ಮುಗಿಸಿ ತೆಗೆಯುವವರೆಗೆ ಅವನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ. ಈ ನಿಯಮದ ಲಾಭ ಯಾವ ಮಗು ಬಿಟ್ಟೀತು? ನನ್ನ ಮಗಳು ಪ್ರತಿವರ್ಷ ಭಕ್ತಿಯಿಂದ ಗಣಿತದ ಪುಸ್ತಕವನ್ನೇ ತಂದಿಡುವವಳು. ಈ ಸಲ ಗಣಿತ ಹೊರಗುಳಿಯಿತು. ತನ್ನ ಊರಿನ ಪುಸ್ತಕವನ್ನು ತಂದು, ಮಗ್ಗಲಿಗಿದ್ದ ಭಗವದ್ಗೀತೆಯನ್ನು ಸ್ವಲ್ಪ ಸರಿಸಿ, ಕೆಂಪು ಬಟ್ಟೆಯ ಮೇಲೆ ಇಟ್ಟು ಕೈಮುಗಿದಳು. ನನಗೆ ಸಂತೋಷವೇ ಆಯಿತು. ಪರೀಕ್ಷೆಯ ವರ್ಷ, ಹುಡುಗಿಗೆ ಜವಾಬ್ದಾರಿ ಬಂತು, ಆಟ ಬದಿಗಿಟ್ಟು ಲೆಕ್ಕ ಮಾಡುತ್ತಾಳೆಂದು ಮೈಸೂರಿಗೆ ಫೋನು ಮಾಡಿ ಅತ್ತೆಯವರಿಗೂ ಹೇಳಿಕೊಂಡೆ.

ನವಮಿ ಶುಕ್ರವಾರ ಬಂದಿತ್ತು. ಕೆಳಗಿನ ಮನೆಯವರ ವಿಮಾನ ಅವತ್ತೇ ರಾತ್ರಿ. ಕಥೆಗೆ ಒಂದು ಕೊನೆ ಕಾಣಿಸಿ ಹೋಗುತ್ತೇನೆಂದು ಆ ಹುಡುಗಿ ಮೊದಲೇ ಹೇಳಿಟ್ಟಿದ್ದಳು. ಊಟ ಮುಗಿಯುತ್ತಿದ್ದಂತೆ ಮೂವರೂ ಬಂದರು. ನಮ್ಮ ಯಜಮಾನರು ಸಾಮಾನು ತೂಗುವ ತಕ್ಕಡಿ ಹಿಡಿದು ಕೆಳಗೆ ಹೋಗಿದ್ದರು. ನಾನು ಕಡಲೆ ಉಸಲಿಗೆ ಒಗ್ಗರಣೆ ಹಾಕುತ್ತಿದ್ದೆ. ಹಾಲ್‌ನಲ್ಲಿ ಮಾತೇ ಇರಲಿಲ್ಲ. ಆ ಮಕ್ಕಳು ಸೇರಿದಲ್ಲಿ ಗಲಾಟೆ ಇರಬೇಕಿತ್ತು.

ಹುಡುಗಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಆಂಟಿ, ಪುಸ್ತಕ ಪೂಜೆಯಲ್ಲುಂಟಂತೆ. ನಾಳೆ ಬೆಳಿಗ್ಗೆ ತನಕ ತೆಗೀಲಿಕ್ಕಿಲ್ಲ ಅಂತಾಳೆ. ನಕ್ಷೆ ಇಲ್ಲದೆ ಆಟ ಇಲ್ಲ ಅಂತಾಳೆ." ಬಾಗಿಲ ಚೌಕಟ್ಟು ಹಿಡಿದು, "ದೇವರದ್ದು ಅಂದ್ರೆ ನಾನು ಏನು ಹೇಳುದು ಆಂಟಿ. ಆದ್ರೆ ನಾಳೆ ನಾನು ಇರುದಿಲ್ಲ" ಎಂದಳು.

ಸೌಟು ಕೆಳಗಿಟ್ಟು ಮಗಳನ್ನು ಕೋಣೆಗೆ ಕರೆದೆ. ಇವತ್ತೇ ಕೊನೆಯ ಆಟ ಎಂದು ಗೊತ್ತಿದ್ದೂ ಆ ಪುಸ್ತಕವನ್ನೇ ಯಾಕೆ ಇಟ್ಟೆ ಎಂದು ಕೇಳಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಇವತ್ತು ಆಡಿದ್ರೆ ಕಥೆ ಮುಗಿದುಹೋಗತ್ತೆ. ಆಡದೇ ಇದ್ರೆ ಮುಗಿಯಲ್ಲ."

"ಕಥೆ ಮುಗೀದೇ ಇದ್ರೆ ಅವರ ವಿಮಾನ ನಿಲ್ಲತ್ತಾ?"

"ನಿಲ್ಲಲ್ಲ. ಗೊತ್ತು. ಆದ್ರೂ ಮುಗಿದಿಲ್ಲ ಅಂತಾದ್ರೂ ಇರತ್ತೆ."

ದೇವರನ್ನು ಅಡ್ಡ ಹಿಡಿದುಕೊಳ್ಳಬೇಡ ಎಂದು ಹೇಳಬೇಕಾಗಿತ್ತು, ಹೇಳಿದೆ. ಹೇಳಿದ ಮೇಲೆ ಅವಳ ಬೆನ್ನು ನೋಡಿ ಸಂಕಟವಾಯಿತು. ಪುಸ್ತಕ ತೆಗೆದುಕೊಟ್ಟುಬಿಡಲೇ ಎಂದು ದೇವರ ಮುಂದೆ ಹೋಗಿ ನಿಂತೆ. ಮಲ್ಲಿಗೆಯ ಎಸಳುಗಳು ಆ ಕೋಟೆಯ ಮೇಲೆ, ರೆಕ್ಕೆಯ ಪ್ರಾಣಿಯ ಮೇಲೆ ಬಿದ್ದಿದ್ದವು. ಕೈ ಬರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದು ಸಲವೂ ತಪ್ಪದ ನೇಮ. ಆ ಮಕ್ಕಳಿಗಾಗಿ ತಪ್ಪಿಸಿದರೆ ತಾಯಿ ಸರಸ್ವತಿ ಮುನಿಯುತ್ತಿದ್ದಳೆಂದು ನಾನು ನಂಬುವುದಿಲ್ಲ. ಆದರೂ ಕೈ ಬರಲಿಲ್ಲ. ಆಗ ಹೊಳೆಯಿತು: ಓದುವಂತಿಲ್ಲ, ಸರಿ, ಓದಿ ತಲೆಯಲ್ಲಿ ಇಟ್ಟುಕೊಂಡದ್ದನ್ನು ಹೇಳಬಾರದೆಂದು ಯಾವ ಶಾಸ್ತ್ರದಲ್ಲೂ ಇಲ್ಲ.

ರಂಗೋಲಿ ಡಬ್ಬಿ ತಂದು ಹಾಲ್‌ನ ನೆಲದ ಮೇಲೆ ಕೂತೆ. ಮೇಜು ಗೋಡೆಗೆ ಸರಿಸಲು ಅವಳಿಗಳಿಗೆ ಹೇಳಿದೆ. ತಿಂಗಳುಗಟ್ಟಲೆ ಮಧ್ಯಾಹ್ನಗಳಲ್ಲಿ ನೋಡಿದ ನಕ್ಷೆಯನ್ನು ನೆನಪಿನಿಂದ ಎಳೆಯತೊಡಗಿದೆ. ಕೋಟೆಗೋಡೆ, ಸಂತೆ, ರೊಟ್ಟಿಯವರ ಬೀದಿ, ನದಿಯ ದಂಡೆ, ಮಗಳು ಸೇರಿಸಿದ ಕಾಲುವೆಗಳು, ಊರ ಹೆಬ್ಬಾಗಿಲು. ಅವಳಿಗಳಲ್ಲಿ ಒಬ್ಬ ಬಗ್ಗಿ ನೋಡಿ, ಆಂಟಿ ಇಡೀ ಪುಸ್ತಕ ಬೈಹಾರ್ಟ್ ಮಾಡಿದ್ದಾರೆ, ಬೋರ್ಡ್ ಎಕ್ಸಾಮಿಗೆ ಇವರನ್ನೇ ಕೂರಿಸೋಣ ಎಂದು ನಕ್ಕ. ಮಗಳು ನಗಲಿಲ್ಲ, ಆದರೆ ಬಂದು ಎದುರು ಕೂತಳು. ಅವರವರ ಮನುಷ್ಯನ ಗುರುತಿಗೆ ನಕ್ಷೆಯ ಮೇಲಿಡುವ ಹೊಳಪು ಕಾಯಿಗಳ ಬದಲಿಗೆ ನನ್ನ ಚೌಕಾಬಾರದ ಕವಡೆಗಳನ್ನು ಕೊಟ್ಟೆ.

ಆಟ ನಡೆಯಿತು. ಯಾರ ಹೆಸರೋ ಮರೆತಾಗ ನನ್ನನ್ನು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಹೆಸರು ನೆನಪಾಗದಿದ್ದರೆ ಅವನಿಗೆ ಏನು ಬೇಕಾಗಿತ್ತೋ ಅದನ್ನು ಹೇಳುತ್ತಿದ್ದೆ, ಅಷ್ಟು ಸಾಕಾಗುತ್ತಿತ್ತು. ಆ ಪುಸ್ತಕದಲ್ಲಿ ನಿಜಕ್ಕೂ ಉಪಯೋಗದ್ದು ಯಾವುದೆಂದು ಅವತ್ತು ಚೆನ್ನಾಗಿ ಗೊತ್ತಾಯಿತು. ಒಬ್ಬ ರಾಜನ ಹೆಸರನ್ನೂ ಯಾರೂ ಕೇಳಲಿಲ್ಲ. ಕಾಲುವೆ ಮುಚ್ಚುತ್ತಿದ್ದವಳು ನೀರು ಮಾರುವ ಒಬ್ಬ ಮುದುಕಿ ಎಂದು ಕಳ್ಳಿಯೇ ಕಂಡುಹಿಡಿದಳು. ತೂಬಿನ ಬೀಗ ಮುರಿದಳು, ಕಾಲುವೆಯಲ್ಲಿ ನೀರು ಬಂತು. ಮಕ್ಕಳು ಚಪ್ಪಾಳೆ ಹೊಡೆದರು. ಅಷ್ಟಕ್ಕೆ ಮುಗಿಯಬೇಕಿತ್ತು. ಮಗಳು ಮುಗಿಸಲಿಲ್ಲ. ಮುದುಕಿಗೆ ತಮ್ಮನೊಬ್ಬ ಇದ್ದಾನೆಂದಳು, ಅವನ ಹತ್ತಿರ ಇನ್ನೊಂದು ಬೀಗದ ಕೈ ಇದೆಯೆಂದಳು. ಕೆಳಗಿನಿಂದ ಹುಡುಗಿಯ ಫೋನಿಗೆ ಕರೆ ಬರುತ್ತಲೇ ಇತ್ತು.

ಕೊನೆಗೆ ಆ ಹುಡುಗಿ ತನ್ನ ಕವಡೆಯನ್ನು ನಾನು ಬರೆದ ಹೆಬ್ಬಾಗಿಲಿನ ಹತ್ತಿರ ತಂದಿಟ್ಟಳು. "ನನ್ನವಳು ಊರು ಬಿಟ್ಟು ಹೋಗ್ತಾಳೆ" ಎಂದಳು. "ಅವಳು ಸತ್ತಳು ಅಂತ ಮಾಡ್ಬೇಡಿ. ನಾನು ಹೋದ ಮೇಲೆ ಅವಳನ್ನು ಬೇರೆಯವರು ಆಡ್ಸುದೂ ಬೇಡ. ಹೊರಟು ಹೋದ್ಲು, ಅಷ್ಟೇ."

ಬಾಗಿಲು ಹಾಕಿದೆ ಎಂದಳು ಮಗಳು, ಕಾವಲುಗಾರನ ದನಿಯಲ್ಲಿ. ತೆರೆಯಬೇಕಾದರೆ ದಾಳ ಹಾಕಬೇಕು. ಹುಡುಗಿ ಹಾಕಿದಳು. ಸಾಲದು ಎಂದಳು ಮಗಳು. ಮತ್ತೆ ಹಾಕಿದಳು, ಮೊದಲಿಗಿಂತ ಜಾಸ್ತಿ ಬಿತ್ತು. ಅದೂ ಸಾಲದು. ಇದು ಅನ್ಯಾಯ ಎಂದು ಅವಳಿಗಳು ಗೊಣಗಿದರು. ಹುಡುಗಿ ದಾಳ ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದಳು.

"ಆಂಟಿ, ಪುಸ್ತಕದಲ್ಲಿ ಹ್ಯಾಗುಂಟು? ಹೊರಗೆ ಹೋಗ್ಲಿಕ್ಕೆ ದಾಳ ಹಾಕ್ಬೇಕು ಅಂತ ಉಂಟಾ?"

ಮಗಳೂ ನನ್ನನ್ನೇ ನೋಡಿದಳು. ಆ ನೋಟದಲ್ಲಿ ಏನು ಬೇಡುತ್ತಿದ್ದಾಳೆಂದು ತಾಯಿಗೆ ಹೇಳಿಕೊಡಬೇಕಾಗಿಲ್ಲ. ಪುಸ್ತಕ ಹೂವಿನಡಿ ಮುಚ್ಚಿತ್ತು. ನಾನು ಏನು ಹೇಳಿದರೂ ಅದೇ ಪುಸ್ತಕ. ಆದರೆ ಹೆಬ್ಬಾಗಿಲಿನ ಪುಟ ನನಗೆ ಚೆನ್ನಾಗಿ ನೆನಪಿತ್ತು. ಒಳಗೆ ಬರುವವರ ಹೆಸರು ಬರೆಸಬೇಕು, ಸುಂಕ ಕಟ್ಟಬೇಕು, ಕತ್ತಿಗೆ ಮುದ್ರೆ ಹಾಕಿಸಬೇಕು, ಜಾಮೀನು ನಿಲ್ಲಲು ಇಲ್ಲಿ ನಮಗಿರುವ ಕಫೀಲನಂಥವನೊಬ್ಬ ಊರೊಳಗೆ ಇರಬೇಕು. ಎರಡು ಪುಟ ತುಂಬ ಅದೇ. ಓದಿದಾಗ ನನಗೆ ಇದೇನೂ ಹೊಸತಲ್ಲ ಅನ್ನಿಸಿತ್ತು.

"ಇಲ್ಲ ಕಣಮ್ಮ" ಎಂದೆ. "ಬರೋರಿಗೆ ಮಾತ್ರ ಕಾನೂನು ಬರ್ದಿದ್ದಾರೆ. ಹೋಗೋರ ಬಗ್ಗೆ ಒಂದು ಸಾಲೂ ಇಲ್ಲ. ಯಾರೂ ತಡೆಯಲ್ಲ."

ಮಗಳು ಹುಡುಗಿಯ ಕೈಯಿಂದ ದಾಳ ತೆಗೆದು ಕೆಳಗಿಟ್ಟಳು. ಆಮೇಲೆ, "ಖಲಾಸ್. ಬಾಗಿಲು ತೆಗೆದಿದೆ" ಎಂದಳು. ಅದು ಕಾವಲುಗಾರನ ದನಿಯಾಗಿರಲಿಲ್ಲ. ಹುಡುಗಿ ಕವಡೆಯನ್ನು ಗೆರೆಯಾಚೆಗೆ, ಬರೀ ನೆಲದ ಮೇಲಕ್ಕೆ ನೂಕಿದಳು.

ಹೊರಡುವಾಗ ಎಲೆ ಅಡಿಕೆ, ತೆಂಗಿನಕಾಯಿ, ಒಂದು ಮೊಳ ಮಲ್ಲಿಗೆ ಕೊಟ್ಟೆ. ಪ್ರತಿ ದಸರೆಗೂ ಅವಳಿಗೆ ಕೊಡುತ್ತಿದ್ದದ್ದೇ. ತೆಂಗಿನಕಾಯಿಯಿಂದ ಬ್ಯಾಗಿನ ತೂಕ ಹೆಚ್ಚಾದೀತೆಂದು ಅವಳು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಬಗ್ಗಿ ನನ್ನ ಕಾಲು ಮುಟ್ಟಿದಳು. ಮಗಳು ಲಿಫ್ಟಿನವರೆಗೆ ಹೋದಳು. ಅಲ್ಲಿ ಅವರು ಏನು ಮಾತಾಡಿಕೊಂಡರೋ ನಾನು ಕೇಳಿಸಿಕೊಳ್ಳಲಿಲ್ಲ. ಬೇಗ ಒಳಗೆ ಬಂದಳು.

ಅಷ್ಟು ಹೊತ್ತಿಗೆ ದೀಪ ಹಚ್ಚಿಯಾಗಿತ್ತು. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಕಸ ಗುಡಿಸುವುದಿಲ್ಲ. ಹಾಗಾಗಿ ಆ ಊರು ಹಾಲ್‌ನಲ್ಲಿ ಹಾಗೇ ಉಳಿಯಿತು. ಯಜಮಾನರು ತಕ್ಕಡಿ ಹಿಡಿದು ಮೇಲೆ ಬಂದವರು ನೋಡಿದರು, ಗೋಡೆಯ ಬದಿಯಿಂದ ಸುತ್ತಿ ಕೋಣೆಗೆ ಹೋದರು.

ದಶಮಿಯ ಬೆಳಿಗ್ಗೆ ದೇವರ ಮುಂದಿನ ಜಾಗವಷ್ಟೇ ಸಾರಿಸಿ ಪೂಜೆ ಮುಗಿಸಿದೆ. ಪುಸ್ತಕಗಳನ್ನು ತೆಗೆದೆ. ಅವತ್ತು ತೆಗೆದ ಪುಸ್ತಕದಿಂದ ಸ್ವಲ್ಪವಾದರೂ ಓದಬೇಕು, ಒಂದಿಷ್ಟು ಬರೆಯಬೇಕು, ಆಗ ವರ್ಷವಿಡೀ ವಿದ್ಯೆ ನಿಲ್ಲುತ್ತದೆ. ಮಗಳು ತನ್ನ ಪುಸ್ತಕ ತೆಗೆದುಕೊಂಡು ಹೋಗಿ ರಂಗೋಲಿಯ ಪಕ್ಕ ಕೂತಳು. ಅವಳ ಕಣ್ಣು ಊದಿಕೊಂಡಿತ್ತು. ಕೊನೆಯ ಹಾಳೆ ಬಿಚ್ಚಿ ನಕ್ಷೆಯನ್ನು ನೆಲಕ್ಕೆ ಹೋಲಿಸಿ ನೋಡಿದಳು.

"ಅಮ್ಮ, ನೀನು ಹೆಬ್ಬಾಗಿಲು ತಪ್ಪು ಕಡೆ ಬರ್ದಿದ್ದೀಯ. ಅಲ್ಲಿ ಬಾಗಿಲಿಲ್ಲ. ಅಲ್ಲಿ ಗೋಡೆ, ಆಚೆ ನದಿ."

ಹೋಗಿ ನೋಡಿದೆ. ಹೌದು. ನಿನ್ನೆಯೇ ಹೇಳಬಾರದಾಗಿತ್ತೇ ಎಂದೆ.

"ನೀನು ಬರೀವಾಗ್ಲೇ ನೋಡ್ದೆ. ಬಾಗಿಲೇ ಇಲ್ಲದ ಕಡೆಯಿಂದ ಅವಳು ಹೇಗೆ ಹೋಗ್ತಾಳೆ ಅಂದ್ಕೊಂಡು ಸುಮ್ನಿದ್ದೆ." ಪುಟದ ಮೇಲೆ ಬಿದ್ದಿದ್ದ ಮಲ್ಲಿಗೆ ಎಸಳನ್ನು ಬೆರಳಿನಿಂದ ತೆಗೆದಳು. "ಹೋದ್ಲಲ್ಲ."

ಪೆನ್ಸಿಲು ಕೇಳಿದಳು, ಕೊಟ್ಟೆ. ಅಚ್ಚಾದ ಆ ನಕ್ಷೆಯಲ್ಲಿ, ನದಿಯ ಕಡೆಯ ಗೋಡೆಯಲ್ಲಿ, ಸಣ್ಣದೊಂದು ಬಾಗಿಲು ಬರೆದಳು. ಚಿಲಕ ಹಾಕಲಿಲ್ಲ. ಪುಸ್ತಕದಲ್ಲಿ ಗೀಚಬೇಡ ಎನ್ನುವವಳು ನಾನು. ಅವತ್ತು ದಶಮಿ, ಬರೆಯುವ ದಿನ, ಸುಮ್ಮನಿದ್ದೆ.

ಆಮೇಲೆ ತಾನೇ ಪೊರಕೆ ತಂದು ಗುಡಿಸಿದಳು. ದೋಸೆ ಹಾಕಿಕೊಟ್ಟೆ. ಒಂದು ತಿಂದಳು, ಎರಡನೆಯದು ಬೇಡವೆಂದಳು. ಒಂದಾದರೂ ತಿಂದಳಲ್ಲ ಎಂದು ಕಾವಲಿ ಇಳಿಸಿದೆ.